ಸುಗಂಧಿಯ ಅಕ್ಷರಗಳನ್ನು ಇಟ್ಟ ಜಾಗ

ಗ್ಲ್ಯಾಡಿಸ್ ಮೆಂಡೋನ್ಸಾಳನ್ನು ಕಾಪುವಿನ ಜನ ‘ಕಂಪ್ಯೂಟರ್ ಬಾಯಿ’ ಎಂದು ಕರೆಯುತ್ತಿದ್ದರು. ಬಾಯಿ ಎಂದರೆ ಅಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಮಾತು. ಮೊದಮೊದಲು ತಮಾಷೆಗೆ ಇಟ್ಟ ಹೆಸರು ಅದು. ಆಮೇಲೆ ಇಗರ್ಜಿಯ ಪಾದ್ರಿಗಳೂ ಬಸ್ಸಿನ ಕಂಡಕ್ಟರನೂ ಹಾಗೆಯೇ ಕರೆಯತೊಡಗಿದಾಗ ತಮಾಷೆ ಹೋಗಿ ಗೌರವವೇ ಉಳಿಯಿತು. ಅವಳಿಗೆ ಅದು ಇಷ್ಟವೂ ಆಗಿತ್ತು.

ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿದ ವರ್ಷ, ಅಂದರೆ ಎಪ್ಪತ್ತರ ದಶಕದ ಆರಂಭದಲ್ಲಿ, ಅವಳು ಬೊಂಬಾಯಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಅಲ್ಲಿ ದೊಡ್ಡ ಕಚೇರಿಯೊಂದರಲ್ಲಿ ಪಂಚ್ ಕಾರ್ಡು ಕುಟ್ಟುವ, ಅಂದರೆ ಯಂತ್ರ ಓದುವಂತೆ ರಟ್ಟಿನಲ್ಲಿ ತೂತು ಮಾಡುವ ಕೆಲಸ. ಇಡೀ ದಿನ ಕುಟ್ಟಿ ಕುಟ್ಟಿ ಬೆರಳ ತುದಿ ಗಟ್ಟಿಯಾದ ಮೇಲೂ ಸಂಜೆಯ ತರಗತಿಗೆ ಹೋಗಿ ಪ್ರೋಗ್ರಾಮ್ ಬರೆಯಲು ಕಲಿತಳು. ಹತ್ತು ವರ್ಷ ಕಳೆಯುವುದರೊಳಗೆ ಕಾರ್ಡು ಕುಟ್ಟುತ್ತಿದ್ದವಳು ಯಂತ್ರ ನಡೆಸುವವಳಾದಳು. ಮಣಿಪಾಲದ ಖಾಸಗಿ ಗಣಕ ಕೇಂದ್ರವೊಂದಕ್ಕೆ ಮಿನಿ ಕಂಪ್ಯೂಟರ್ ಬರುತ್ತದೆ, ಗೊತ್ತಿದ್ದವರು ಬೇಕು ಎಂಬ ಸುದ್ದಿ ಸಿಕ್ಕಾಗ ಊರಿಗೆ ಮರಳಿದಳು. ಆಗ ಅವಳಿಗೆ ಮೂವತ್ತೆರಡು. ಮದುವೆಯ ಮಾತು ಮನೆಯಲ್ಲಿ ಯಾರೂ ಎತ್ತದಷ್ಟು ಅವಳ ಸಂಬಳಕ್ಕೂ ಮಾತಿಗೂ ತೂಕ ಬಂದಿತ್ತು.

ಕೇಂದ್ರದಲ್ಲಿ ಅವಳದೇ ಆಡಳಿತ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಒಳಗೆ ಏರ್ ಕಂಡೀಷನರಿನ ಚಳಿ, ಸಾಲಾಗಿ ಪರದೆ, ಕೀಲಿಮಣೆಯಿರುವ ಟರ್ಮಿನಲ್‌ಗಳು. ಗಾಜಿನ ಆಚೆ ಬೀರುವಿನಷ್ಟು ಎತ್ತರದ ಯಂತ್ರ, ಅದರ ಪಕ್ಕ ಟೇಪಿನ ಚಕ್ರಗಳು. ನಿರ್ದೇಶಕರಾದ ರೊಸಾರಿಯೊ ಅವರಿಗೆ ಯಂತ್ರದ ಬಗ್ಗೆ ಹೆಚ್ಚು ತಿಳಿಯದು. “ಗ್ಲ್ಯಾಡಿಸ್ ಹೇಳಿದ ಹಾಗೆ” ಎನ್ನುವುದು ಅವರ ಮಾಮೂಲಿ ಉತ್ತರ.

ಆ ಯಂತ್ರದಲ್ಲಿ ನಡೆಯುತ್ತಿದ್ದುದು ಯುನಿಕ್ಸ್ ಎಂಬ ವ್ಯವಸ್ಥೆ. ಕಂಪನಿಯವರು ಕೊಟ್ಟ ಪ್ರೋಗ್ರಾಮುಗಳೆಲ್ಲ ಡಿಸ್ಕಿನಲ್ಲಿ ‘ಬಿನ್’ ಎಂಬ ಹೆಸರಿನ ಡೈರೆಕ್ಟರಿಯಲ್ಲಿ, ಅಂದರೆ ಒಂದು ಖಾನೆಯಲ್ಲಿ, ಇರುತ್ತಿದ್ದವು. ಟರ್ಮಿನಲ್ಲಿನ ಮುಂದೆ ಕುಳಿತವರು ಒಂದು ಹೆಸರು ಒತ್ತಿದರೆ ಯಂತ್ರ ಅಲ್ಲಿ ಹುಡುಕಿ ಆ ಪ್ರೋಗ್ರಾಮನ್ನು ಓಡಿಸುತ್ತಿತ್ತು. ಆಮೇಲೆ ಹೊರಗಿನಿಂದ ತರಿಸಿದ, ಕೆಲವರಿಗೆ ಮಾತ್ರ ಬೇಕಾಗುವ ಪ್ಯಾಕೇಜುಗಳೂ ಇದ್ದವು. ಸಂಖ್ಯಾಶಾಸ್ತ್ರದ್ದೊಂದು, ನಕ್ಷೆ ಬಿಡಿಸುವುದೊಂದು, ಹೀಗೆ. ಗ್ಲ್ಯಾಡಿಸ್ ಅವನ್ನೂ ಅದೇ ಬಿನ್ನಿಗೆ ಹಾಕುತ್ತಿದ್ದಳು. ಹಾಗೆ ಹಾಕಿದರೆ ಕೆಲಸ ಸುಲಭ. ಕೇಂದ್ರವನ್ನು ಬಳಸುವ ಕಾಲೇಜಿನ ಪ್ರೊಫೆಸರುಗಳು ಬಂದು ‘ಯಂತ್ರ ನನ್ನ ಮಾತು ಕೇಳುವುದಿಲ್ಲ’ ಎಂದು ದೂರುವ ಪ್ರಮೇಯವಿಲ್ಲ.

ಇದು ಸರಿಯಲ್ಲ ಎಂದು ಮೊದಲು ಹೇಳಿದವಳು ಸುಗಂಧಿ. ಕಾರ್ಕಳದ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಗ್ಲ್ಯಾಡಿಸ್‌ಳ ಕೈಕೆಳಗೆ ಸೇರಿ ಆಗಷ್ಟೇ ಒಂದು ವರ್ಷವಾಗಿತ್ತು. ಮೆತ್ತಗೆ ಮಾತಾಡುವವಳು. ಒಂದು ದಿನ ಚಹಾದ ಹೊತ್ತಿಗೆ ಎಲ್ಲರೂ ಇದ್ದಾಗ ಹೇಳಿದಳು: “ಮೇಡಂ, ಕೆಲವು ಯೂನಿವರ್ಸಿಟಿಗಳಲ್ಲಿ ಹೊರಗಿನ ಪ್ಯಾಕೇಜುಗಳಿಗೆ ‘ಲೋಕಲ್’ ಅಂತ ಬೇರೆಯೇ ಡೈರೆಕ್ಟರಿ ಮಾಡ್ತಾರಂತೆ. ಕಂಪನಿಯದ್ದು ಬಿನ್‌ನಲ್ಲಿ, ನಾವು ಹಾಕಿದ್ದು ಲೋಕಲ್‌ನಲ್ಲಿ. ಯಾವುದು ಯಾರದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತದೆ. ನಾವೂ ಹಾಗೆ ಮಾಡಬಹುದಾ?”

ಗ್ಲ್ಯಾಡಿಸ್‌ಗೆ ಆ ಮಾತು ತಪ್ಪೆನಿಸಲಿಲ್ಲ. ತಾನು ಕಟ್ಟಿದ ವ್ಯವಸ್ಥೆಯ ಬಗ್ಗೆ ನಿನ್ನೆ ಮೊನ್ನೆ ಬಂದವಳು ಎಲ್ಲರೆದುರು ಹೇಳಿದಳಲ್ಲ ಎಂದು ಚುಚ್ಚಿತು.

“ಲೋಕಲ್ ಅಂದರೆ ಲೋಕಲ್ ಬಸ್ಸಾ?” ಎಂದಳು. “ನಮ್ಮ ಪ್ಯಾಕೇಜು ಎಲ್ಲ ಸ್ಟಾಪಿನಲ್ಲಿ ನಿಲ್ಲಬೇಕು, ಕಂಪನಿಯದ್ದು ಮಾತ್ರ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಬೇಕು, ಅಲ್ವಾ?”

ಎಲ್ಲರೂ ನಕ್ಕರು. ಸುಗಂಧಿಯೂ ನಕ್ಕಂತೆ ಮಾಡಿ ಲೋಟ ತೊಳೆಯಲು ಎದ್ದು ಹೋದಳು.

ಅದೇ ಸುಗಂಧಿ ಬಿಡುವಿನ ವೇಳೆಯಲ್ಲಿ ಒಂದು ಕೆಲಸ ಹಿಡಿದಿದ್ದಳು. ಕೇಂದ್ರದ ಪ್ರಿಂಟರಿನಿಂದ ಕನ್ನಡ ಬರೆಸುವುದು. ಆಗ ಯಂತ್ರಕ್ಕೆ ಇಂಗ್ಲಿಷಲ್ಲದೆ ಬೇರೆ ಲಿಪಿ ಗೊತ್ತಿರಲಿಲ್ಲ. ಅವಳು ಗ್ರಾಫ್ ಕಾಗದದ ಮೇಲೆ ಒಂದೊಂದು ಅಕ್ಷರವನ್ನೂ ಚುಕ್ಕೆಗಳಲ್ಲಿ ಬಿಡಿಸಿ, ಯಂತ್ರಕ್ಕೆ ತುಂಬಿ, ಒತ್ತಕ್ಷರ ಎಲ್ಲಿ ಇಳಿಯಬೇಕು, ದೀರ್ಘ ಎಲ್ಲಿ ಸೇರಬೇಕು ಎಂದು ಪರದೆಯ ಮೇಲೆಯೇ ತಿದ್ದುತ್ತಾ ಎರಡು ವರ್ಷ ಕಳೆದಳು. ಕೊನೆಗೆ ಒಂದು ದಿನ ಪ್ರಿಂಟರು ಕಿರ್‍ರ್ ಎಂದು ದುಂಡಗಿನ ಕನ್ನಡ ಬರೆಯಿತು. ಗ್ಲ್ಯಾಡಿಸ್ ಆ ಹಾಳೆಯನ್ನು ಹಿಡಿದುಕೊಂಡು ತುಂಬ ಹೊತ್ತು ನೋಡಿದಳು. ಹೊಗಳಿದಳು ಕೂಡ. ಆಸ್ಪತ್ರೆಯೊಂದರ ಕಣ್ಣಿನ ವಿಭಾಗದವರು ಅದನ್ನು ಕಂಡು, ಆಪರೇಷನ್ ಆಗಿ ಮನೆಗೆ ಹೋಗುವವರಿಗೆ ಕೊಡುವ ಸೂಚನೆಯ ಚೀಟಿಗಳನ್ನು ಕನ್ನಡದಲ್ಲಿ ಮಾಡಿಸಿಕೊಂಡರು. ಮಲ್ಪೆಯಿಂದ ಹೆಬ್ರಿಯವರೆಗೆ ಆ ಚೀಟಿ ಹೋಗುತ್ತಿತ್ತು.

ಪ್ರೋಗ್ರಾಮು ಸುಗಂಧಿಯ ಸ್ವಂತ ಡೈರೆಕ್ಟರಿಯಲ್ಲಿತ್ತು. ಗ್ಲ್ಯಾಡಿಸ್ ಅವಳನ್ನು ಕರೆದು, “ಇದನ್ನೂ ಬಿನ್ನಿಗೆ ಹಾಕು, ನೀನು ಬರೆದ ಮೂಲವನ್ನೂ ಸೇರಿಸಿ. ಒಂದೇ ಕಡೆ ಇರಲಿ. ನಿನ್ನ ಕಡೆ ಇರುವುದನ್ನು ಅಳಿಸು, ಡಿಸ್ಕಿನಲ್ಲಿ ಜಾಗ ಇಲ್ಲ” ಎಂದಳು.

“ನನ್ನ ಹತ್ತಿರವೂ ಒಂದು ಪ್ರತಿ ಇರಲಿ ಮೇಡಂ.”

“ಎಲ್ಲರೂ ಹೀಗೇ ಹೇಳಿದರೆ ಎಂತ ಮಾಡುವುದು?”

ಸುಗಂಧಿ ಅಳಿಸಿದಳು.

ಎಂಬತ್ತಾರರ ನವೆಂಬರಿನಲ್ಲಿ ಯುನಿಕ್ಸಿನ ಹೊಸ ಆವೃತ್ತಿ ಬಂತು. ಅದನ್ನು ಹಾಕಲು ಕಂಪನಿಯಿಂದ ಬಂದವನು ತಾರಾನಾಥ, ಉಡುಪಿಯ ಕಡಿಯಾಳಿಯವನೇ. ಬೆಂಗಳೂರಿನ ಕಚೇರಿಯಲ್ಲಿ ಕೆಲಸಕ್ಕಿದ್ದ. ಟೇಪನ್ನು ಯಂತ್ರಕ್ಕೆ ಏರಿಸಿ ಅವನು ಕೇಳಿದ:

“ಮೇಡಂ, ನಾನು ಬಿನ್ ಪೂರ್ತಿ ಅಳಿಸಿ ಹೊಸದು ಹಾಕ್ತೇನೆ. ಅದರಲ್ಲಿ ನಿಮ್ಮದು ಅಂತ ಏನಾದ್ರೂ ಉಂಟಾ? ಕೆಲವು ಕಡೆ ಸ್ವಂತದ್ದನ್ನೂ ಅದರಲ್ಲೇ ತುಂಬಿಸಿ ಇಡ್ತಾರೆ. ಅದು ಒಳ್ಳೆಯ ಕ್ರಮ ಅಲ್ಲ.”

ಗ್ಲ್ಯಾಡಿಸ್‌ಳ ಬೆನ್ನ ಹಿಂದೆ ಸುಗಂಧಿ ನಿಂತಿದ್ದಳು. ಅವಳಿರದಿದ್ದರೆ ಗ್ಲ್ಯಾಡಿಸ್ ಹೌದು ಎನ್ನುತ್ತಿದ್ದಳೋ ಏನೋ. ‘ಉಂಟು, ನಾನೇ ತುಂಬಿಸಿಟ್ಟಿದ್ದೇನೆ’ ಎಂದು ಈ ಹುಡುಗನಿಗೆ ಹೇಳಿ, ಲೋಕಲ್ ಬಸ್ಸಿನ ನಗು ಸುಗಂಧಿಯ ಮುಖದ ಮೇಲೆ ತಿರುಗಿ ಬರುವುದನ್ನು ನೋಡಲು ಗ್ಲ್ಯಾಡಿಸ್‌ಗೆ ಮನಸ್ಸಾಗಲಿಲ್ಲ. ಹೇಗೂ ಪ್ರತಿ ವಾರದಂತೆ ಶನಿವಾರ ಎಲ್ಲದರ ಪ್ರತಿಯನ್ನೂ ಟೇಪಿಗೆ ಹಾಕಿಯಾಗಿದೆ, ಇವನು ಹೋದ ಮೇಲೆ ಮೆಲ್ಲಗೆ ವಾಪಸು ತಂದುಕೊಂಡರಾಯಿತು ಎಂದು ಅವಳು ಎಣಿಸಿದಳು.

“ಇಲ್ಲ,” ಎಂದಳು. “ನಮ್ಮದು ಅಂತ ಏನೂ ಇಲ್ಲ.”

“ಮೇಡಂ,” ಎಂದಳು ಸುಗಂಧಿ ಹಿಂದಿನಿಂದ, ಅವನಿಗೆ ಕೇಳಿಸದ ಹಾಗೆ, “ನಮ್ಮದು ಟೇಪಿಗೆ ಹೋಗಿದೆ ಅಲ್ವಾ?”

“ಎಲ್ಲ ಹೋಗಿದೆ. ನೀನು ಹೋಗಿ ಪ್ರಿಂಟರಿನ ರಿಬ್ಬನ್ ಬದಲಿಸು.”

ಸಂಜೆಯ ಬಸ್ಸಿಗೆ ತಾರಾನಾಥ ಹೊರಟ. ಗ್ಲ್ಯಾಡಿಸ್ ಶನಿವಾರದ ಟೇಪನ್ನು ಏರಿಸಿದಳು. ಪ್ರೊಫೆಸರುಗಳ ಡೈರೆಕ್ಟರಿಗಳು ಬಂದವು, ವಿದ್ಯಾರ್ಥಿಗಳದ್ದು ಬಂತು. ಬಿನ್ ಬರಲಿಲ್ಲ. ಮತ್ತೊಮ್ಮೆ ಓಡಿಸಿದಳು. ಆಗ ನೆನಪಾಯಿತು. ಟೇಪಿಗೆ ಏನೇನು ಹೋಗಬೇಕೆಂದು ಅವಳೇ ಮೂರು ವರ್ಷದ ಹಿಂದೆ ನಿಶ್ಚಯಿಸಿದ್ದಳು. ಬಿನ್‌ನಲ್ಲಿರುವುದು ಕಂಪನಿಯ ಸೊತ್ತು, ಹೋದರೆ ಅವರು ಮತ್ತೆ ಕೊಡುತ್ತಾರೆ, ಅದಕ್ಕೆ ಟೇಪು ಯಾಕೆ ಹಾಳುಮಾಡುವುದು ಎಂದು ಅದನ್ನು ಬಿಟ್ಟಿದ್ದಳು. ಆಗ ಅದು ಸರಿಯಾಗಿಯೇ ಇತ್ತು. ಆಮೇಲೆ ಸ್ವಂತದ್ದನ್ನೆಲ್ಲ ಅದರೊಳಗೆ ತುರುಕಿದವಳೂ ಅವಳೇ. ಸುಗಂಧಿಯ ಹಳೆಯ ಪ್ರತಿಯಿದ್ದ ಟೇಪುಗಳ ಮೇಲೆ ಹೊಸದು ಬರೆದು ಎಷ್ಟೋ ಕಾಲವಾಗಿತ್ತು.

ಅವಳು ಟೇಪಿನ ಚಕ್ರವನ್ನು ಇಳಿಸಿ ತಲೆಯೆತ್ತಿದಳು. ಗಾಜಿನ ಆಚೆ ಸುಗಂಧಿ ಕೈಗೆ ಹತ್ತಿದ ರಿಬ್ಬನ್ನಿನ ಮಸಿಯನ್ನು ಒರೆಸಿಕೊಳ್ಳುತ್ತಾ ಇತ್ತಲೇ ನೋಡುತ್ತಿದ್ದಳು. ಅವಳಿಗೆ ಆಗಲೇ ಗೊತ್ತಾಗಿತ್ತು.

ಮರುದಿನ ರೊಸಾರಿಯೊ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಕಣ್ಣಿನ ವಿಭಾಗದಿಂದ ಫೋನು ಬಂದಿತ್ತು, ಕನ್ನಡದ ಚೀಟಿ ಏಕೆ ಬರುತ್ತಿಲ್ಲ ಎಂದು.

“ಎಂತ ಆಯಿತು ಗ್ಲ್ಯಾಡಿಸ್?”

“ಕಂಪನಿಯವನು ಬಿನ್ ಅಳಿಸಿದ ಸರ್. ನಮ್ಮ ಪ್ಯಾಕೇಜುಗಳೂ ಹೋದವು.”

“ಕೇಳದೆ ಅಳಿಸಿದನಾ?”

ಕಿಟಕಿಯ ಹೊರಗೆ ಯಾರೋ ಸ್ಕೂಟರಿನ ಕಿಕ್ ಹೊಡೆಯುತ್ತಿದ್ದರು. ಅದು ಹತ್ತುತ್ತಿರಲಿಲ್ಲ.

“ಹೌದು,” ಎಂದಳು ಗ್ಲ್ಯಾಡಿಸ್.

ಸುಗಂಧಿ ನೆಲ ನೋಡುತ್ತಿದ್ದಳು. ರೊಸಾರಿಯೊ ಅವಳತ್ತ ತಿರುಗಿ, “ನಿನ್ನ ಕೆಲಸ ಹೋಯಿತಲ್ಲಮ್ಮ, ಮತ್ತೆ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. “ಆಗುವುದಿಲ್ಲ ಸರ್” ಎಂದಳು ಅವಳು, ಅದೇ ಮೆತ್ತಗಿನ ದನಿಯಲ್ಲಿ. ರೊಸಾರಿಯೊ ಕಂಪನಿಗೆ ಖಾರವಾಗಿ ಬರೆದರು. ತಾರಾನಾಥನನ್ನು ಹುಬ್ಬಳ್ಳಿಗೆ ಹಾಕಿದರಂತೆ ಎಂಬ ಸುದ್ದಿ ಡಿಸೆಂಬರಿನಲ್ಲಿ ಬಂತು. ಅದೇ ತಿಂಗಳು ಸುಗಂಧಿಗೆ ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಅವಳು ಹೊರಟುಹೋದಳು. ಹೊರಡುವ ದಿನ ಎಲ್ಲರಿಗೂ ಲಾಡು ಹಂಚಿದಳು. ಗ್ಲ್ಯಾಡಿಸ್‌ಗೂ ಕೊಟ್ಟಳು. “ನಿಮ್ಮಿಂದ ತುಂಬ ಕಲಿತೆ ಮೇಡಂ” ಎಂದಳು. ಅದರಲ್ಲಿ ವ್ಯಂಗ್ಯ ಇತ್ತೇ ಎಂದು ಗ್ಲ್ಯಾಡಿಸ್ ಎಷ್ಟೋ ಸಲ ಯೋಚಿಸಿದ್ದುಂಟು. ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಜನವರಿಯ ಒಂದು ಸಂಜೆ ಅವಳು ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತಿದಳು. ಪಕ್ಕದಲ್ಲಿ ಬಂದು ಕುಳಿತವಳು ಬೇಬಿಯಕ್ಕ. ಕಾಪುವಿನ ದೀಪಸ್ತಂಭದ ಬಳಿಯ ಮೊಗವೀರರ ಮನೆಯವಳು, ಹಿಂದೆ ಬುಟ್ಟಿ ಹೊತ್ತು ಇವರ ಮನೆಗೂ ಮೀನು ತರುತ್ತಿದ್ದವಳು. ಒಂದು ಕಣ್ಣಿಗೆ ಹತ್ತಿಯ ಪಟ್ಟಿ.

“ಬಾಯಿ, ಇದರಲ್ಲಿ ಎಂತ ಬರೆದಿದ್ದಾರೆ ಸ್ವಲ್ಪ ಓದಿ ಹೇಳ್ತೀರಾ?” ಎಂದು ಸೆರಗಿನಿಂದ ಮಡಿಸಿದ ಚೀಟಿ ತೆಗೆದಳು. “ಹೋದ ವರ್ಷ ಇನ್ನೊಂದು ಕಣ್ಣಿನ ಆಪರೇಷನ್ ಆದಾಗ ಕನ್ನಡದಲ್ಲಿ ಕೊಟ್ಟಿದ್ದರು. ಮೊಮ್ಮಗಳು ದಿನಾ ಓದಿ ಹೇಳ್ತಿದ್ದಳು, ಹಾಗೇ ಮಾಡಿದೆ, ಕಣ್ಣು ಚಂದ ಆಯಿತು. ಈ ಸಲ ಇಂಗ್ಲಿಷಿನಲ್ಲಿ ಉಂಟು. ನರ್ಸಮ್ಮ ಬಾಯಲ್ಲಿ ಹೇಳಿದ್ದಳು, ನನಗೆ ಅರ್ಧ ಮರೆತುಹೋಯಿತು.”

ಗ್ಲ್ಯಾಡಿಸ್ ಓದಿದಳು. ಆಪರೇಷನ್ ಆದ ಮಗ್ಗುಲಿಗೆ ಮಲಗಬಾರದು. ಭಾರ ಎತ್ತಬಾರದು. ವೈದ್ಯರು ಹೇಳುವ ತನಕ ತಲೆಗೆ ಸ್ನಾನ ಮಾಡಬಾರದು.

“ಅಲ್ಲೇ ಆದದ್ದು,” ಎಂದಳು ಬೇಬಿಯಕ್ಕ. “ಏಕಾದಶಿ ಅಂತ ತಲೆಗೆ ಮಿಂದುಬಿಟ್ಟೆ. ಕಣ್ಣು ಕೆಂಡದ ಹಾಗೆ ಆಯಿತು. ಇವತ್ತು ಡಾಕ್ಟರು ಬೈದರು. ಬೈಯದೆ ಇರ್ತಾರಾ? ತಪ್ಪು ನನ್ನದೇ ಅಲ್ವಾ.”

“ನಿಮ್ಮದು ಅಲ್ಲ,” ಎಂದಳು ಗ್ಲ್ಯಾಡಿಸ್. ಬೇಬಿಯಕ್ಕ ಅದನ್ನು ಸಮಾಧಾನದ ಮಾತೆಂದು ತಿಳಿದು ಅವಳ ಕೈ ತಟ್ಟಿದಳು. ಕಾಪು ಬರುವವರೆಗೂ ಆ ಒರಟು ಕೈ ಅವಳ ಕೈಮೇಲೆಯೇ ಇತ್ತು. ಗ್ಲ್ಯಾಡಿಸ್‌ಗೆ ತನ್ನ ಕೈ ಎಳೆದುಕೊಳ್ಳಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ. ಆ ಕಣ್ಣು ಕೆಟ್ಟುಹೋಗಲಿಲ್ಲ, ಆದರೆ ಪೂರ್ತಿ ತಿಳಿಯಾಗಲೂ ಇಲ್ಲ ಎಂದು ಆಮೇಲೆ ಕೇಳಿ ತಿಳಿದಳು.

ಮರುದಿನ ಬೆಳಿಗ್ಗೆಯೇ ರೊಸಾರಿಯೊ ಅವರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾರಾನಾಥ ಕೇಳಿದ್ದ, ನಾನೇ ಇಲ್ಲ ಎಂದಿದ್ದೆ ಎಂದು. ರೊಸಾರಿಯೊ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆ ಹುಡುಗ ಹುಬ್ಬಳ್ಳಿಗೆ ಹೋಗಿಯಾಯಿತು. ಈಗ ಪುನಃ ಬರೆದರೆ ಕೆಡುವುದು ಕೇಂದ್ರದ ಹೆಸರು. ಬಿಡಿ ಗ್ಲ್ಯಾಡಿಸ್. ಯಾರಿಗೂ ಆಗುವಂಥದ್ದೇ.”

‘ಬರೆಯಲೇಬೇಕು ಸರ್’ ಎನ್ನಬೇಕೆಂದು ಸಿದ್ಧಳಾಗಿ ಹೋಗಿದ್ದಳು. ಬಾಯಿಗೆ ಬಂದದ್ದು “ಸರಿ ಸರ್” ಎಂಬ ಮಾತು. ಹೊರಗೆ ಬಂದಾಗ ಎದೆ ಹಗುರಾಗಿತ್ತು. ಆ ಹಗುರವೇ ಅವಳಿಗೆ ಎಲ್ಲಕ್ಕಿಂತ ನಾಚಿಕೆ ತಂದಿತು. ತಪ್ಪು ಒಪ್ಪಿಕೊಳ್ಳಲು ಹೋದವಳು ಬೇಡ ಅನ್ನಿಸಿಕೊಂಡು ಖುಷಿಪಟ್ಟಳಲ್ಲ.

ಎರಡು ದಿನ ಬಿಟ್ಟು ಉಡುಪಿಯ ಅಂಚೆ ಕಚೇರಿಯಿಂದ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತಳು. ತಾರಾನಾಥ ಲೈನಿಗೆ ಬಂದಾಗ ಜೋರಾಗಿ ಕೂಗಿ ಹೇಳಬೇಕಾಯಿತು, ಅಷ್ಟು ಗರಗರ ಸದ್ದು. ಸ್ಟಾಂಪಿಗೆ ನಿಂತಿದ್ದವರೆಲ್ಲ ಕೇಳಿಸಿಕೊಂಡರು: “ನಾನು ಸುಳ್ಳು ಹೇಳಿದ್ದು. ನೀವು ಕೇಳಿದ್ದೀರಿ, ನಾನು ಇಲ್ಲ ಅಂದಿದ್ದೆ.”

“ನನಗೆ ನೆನಪುಂಟು ಮೇಡಂ,” ಎಂದ ಅವನು. “ಅಳಿಸುವ ಮೊದಲು ನಾನೂ ಒಮ್ಮೆ ಬಿನ್ ತೆರೆದು ನೋಡಿದ್ದೆ. ನೂರಾರು ಹೆಸರು. ಎಲ್ಲ ಒಟ್ಟಿಗೆ ಕಲೆಸಿ ಇಟ್ಟಿದ್ದರೆ ಯಾವುದು ನಮ್ಮದು, ಯಾವುದು ನಿಮ್ಮದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಅಲ್ವಾ ನಾನು ಕೇಳಿದ್ದು.”

“ನಿಮ್ಮ ಆಫೀಸಿನವರಿಗೆ ನಾನು ಹೇಳ್ತೇನೆ.”

“ಹೇಳಿ,” ಎಂದ. ಬೇಡ ಎನ್ನಲಿಲ್ಲ. ಅದೊಂದು ಅವಳಿಗೆ ಸಮಾಧಾನ ಕೊಟ್ಟಿತು. ರೊಸಾರಿಯೊ ಅವರನ್ನು ಕೇಳದೆಯೇ ಬೆಂಗಳೂರಿನ ಕಚೇರಿಗೆ ಸ್ವಂತ ಹೆಸರಿನಲ್ಲಿ ತಿಳಿಸಿದಳು. ಅಲ್ಲಿಂದ ಉತ್ತರವೇನೂ ಬರಲಿಲ್ಲ.

ಇನ್ನು ಉಳಿದವಳು ಸುಗಂಧಿ. ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಗ್ಲ್ಯಾಡಿಸ್ ಕಾರ್ಕಳಕ್ಕೆ ಹೋದಳು. ಆನೆಕೆರೆಯ ಹತ್ತಿರ ಮನೆ. ಸುಗಂಧಿಯ ಅಮ್ಮ ಬಾಗಿಲು ತೆರೆದು, ಹೆಸರು ಕೇಳಿದ ಕೂಡಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ನೀವಾ? ಇವಳು ಯಾವಾಗಲೂ ಹೇಳುವುದು ನಿಮ್ಮ ಸುದ್ದಿಯೇ. ನಮ್ಮ ಮೇಡಂ ಹಾಗೆ, ನಮ್ಮ ಮೇಡಂ ಹೀಗೆ ಅಂತ. ಅಷ್ಟು ಕಲಿಸಿದ್ದೀರಿ ನೀವು.”

ಗೋಳಿಬಜೆಯ ತಟ್ಟೆ ಎದುರಿಗೆ ಬಂತು. ಗ್ಲ್ಯಾಡಿಸ್ ಒಂದನ್ನು ಎತ್ತಿಕೊಂಡು ಕೈಯಲ್ಲೇ ಹಿಡಿದು ಕುಳಿತಳು. ಅಮ್ಮ ಚಹಾ ತರಲು ಎದ್ದ ಮೇಲೆ ಕೇಳಿದಳು:

“ಆ ದಿನ ರೊಸಾರಿಯೊ ಸರ್ ಮುಂದೆ ನೀನು ಯಾಕೆ ಹೇಳಲಿಲ್ಲ?”

ಸುಗಂಧಿ ಸೀರೆಯ ನೆರಿಗೆ ಸರಿಮಾಡಿಕೊಂಡಳು. “ನೀವೇ ಹೇಳ್ತೀರಿ ಅಂತ ಕಾದೆ ಮೇಡಂ. ನೀವು ಹಾಗೆ ಹೇಳಿದ ಮೇಲೆ ನನಗೇ ನಾಚಿಕೆ ಆಯಿತು.”

“ನಿನಗೆ ಯಾಕೆ?”

“ಗೊತ್ತಿಲ್ಲ. ನಿಮ್ಮನ್ನು ಹಾಗೆ ನೋಡಬೇಕಾಯಿತಲ್ಲ, ಅದಕ್ಕೆ ಇರಬೇಕು.”

ಗ್ಲ್ಯಾಡಿಸ್ ಕ್ಷಮಿಸು ಎಂದಳು. ಕೊಂಕಣಿಯಲ್ಲಾಗಿದ್ದರೆ ಇನ್ನಷ್ಟು ಹೇಳುತ್ತಿದ್ದಳೇನೋ. ಕನ್ನಡದಲ್ಲಿ ಆ ಪದ ಅಚ್ಚುಹಾಕಿದಂತೆ ಬಿಗಿಯಾಗಿ ಕೇಳಿಸಿತು. ಸುಗಂಧಿ “ಇರಲಿ ಮೇಡಂ” ಎಂದಳು. ಮತ್ತೆ ಆ ಪ್ರೋಗ್ರಾಮು ಬರೆಯುತ್ತೀಯಾ ಎಂದು ಕೇಳುವ ಧೈರ್ಯ ಗ್ಲ್ಯಾಡಿಸ್‌ಗೆ ಬರಲಿಲ್ಲ. ಸುಗಂಧಿಯೇ ಒಳಗೆ ಹೋಗಿ ಗ್ರಾಫ್ ಕಾಗದಗಳ ಕಟ್ಟು ತಂದು ಮುಂದಿಟ್ಟಳು.

“ಇದು ಮೊದಲು ಬಿಡಿಸಿದ್ದು. ತಿದ್ದಿದ್ದೆಲ್ಲ ಯಂತ್ರದಲ್ಲೇ ಇತ್ತು, ಅದು ಹೋಯಿತು. ಬೇಕಾದರೆ ತೆಗೆದುಕೊಂಡು ಹೋಗಿ. ನನಗೆ ಪುನಃ ಕೂತು ಮಾಡ್ಲಿಕ್ಕೆ ಮನಸ್ಸು ಬರುವುದಿಲ್ಲ.”

ಗ್ಲ್ಯಾಡಿಸ್ ಕಟ್ಟನ್ನು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದಳು.

ಆ ವಾರವೇ ‘ಲೋಕಲ್’ ಎಂಬ ಡೈರೆಕ್ಟರಿ ಮಾಡಿದಳು. ಮರಳಿ ತರಿಸಿದ ಪ್ಯಾಕೇಜುಗಳನ್ನೆಲ್ಲ ಅದರಲ್ಲಿ ಹಾಕಿ, ಯಂತ್ರಕ್ಕೆ ಅಲ್ಲೂ ಹುಡುಕಲು ಹೇಳಿ, ಶನಿವಾರದ ಟೇಪಿಗೆ ಅದನ್ನೂ ಸೇರಿಸಿದಳು. ಒಂದು ಮಧ್ಯಾಹ್ನದ ಕೆಲಸ. ಇಷ್ಟೇ ಇದ್ದದ್ದು.

ಅಕ್ಷರಗಳ ಕೆಲಸಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು. ಅವಳಿಗೆ ಕನ್ನಡ ಓದಿ ಬರೆದು ಗೊತ್ತಿತ್ತೇ ಹೊರತು ಅಕ್ಷರದ ರೂಪ ನೋಡುವ ಕಣ್ಣಿರಲಿಲ್ಲ. ಕೆಲಸ ಮುಗಿದ ಮೇಲೆ ಉಳಿದು ಸುಗಂಧಿಯ ಚುಕ್ಕೆಗಳನ್ನು ಒಂದೊಂದಾಗಿ ತುಂಬಿದಳು. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದವು, ‘ಳ’ದ ಬಾಲ ಪಕ್ಕದ ಅಕ್ಷರಕ್ಕೆ ಸಿಕ್ಕಿಕೊಂಡಿತು. ಎಂಬತ್ತೆಂಟರಲ್ಲಿ ಕಣ್ಣಿನ ವಿಭಾಗಕ್ಕೆ ಮತ್ತೆ ಕನ್ನಡದ ಚೀಟಿ ಹೋಗತೊಡಗಿತು. ಅಲ್ಲಿನ ಡಾಕ್ಟರೊಬ್ಬರು ಅದನ್ನು ನೋಡಿ, “ಓದಬಹುದು. ಆದರೆ ಮೊದಲಿನದು ಚಂದ ಇತ್ತು ಅಲ್ವಾ?” ಎಂದರು.

“ಅದು ಸುಗಂಧಿಯದು,” ಎಂದಳು ಗ್ಲ್ಯಾಡಿಸ್. “ನಾನು ಹಾಳುಮಾಡಿದೆ.” ಡಾಕ್ಟರು ಗಡಿಯಾರ ನೋಡಿಕೊಂಡರು.

ಮರುವರ್ಷ ಸುಗಂಧಿ ತನ್ನ ವಿದ್ಯಾರ್ಥಿಗಳನ್ನು ಕೇಂದ್ರ ತೋರಿಸಲು ಕರೆತಂದಳು. ಗ್ಲ್ಯಾಡಿಸ್ ಹುಡುಗರಿಗೆ ಯಂತ್ರ ತೋರಿಸಿದಳು, ಟೇಪು ತೋರಿಸಿದಳು. ಒಬ್ಬಳು ವಿದ್ಯಾರ್ಥಿನಿ, ಹೊರಗಿನ ಪ್ಯಾಕೇಜುಗಳಿಗೆ ಬೇರೆ ಜಾಗ ಯಾಕೆ ಎಂದು ಕೇಳಿದಳು. ಗ್ಲ್ಯಾಡಿಸ್ ಕಾರಣ ಹೇಳಿದಳು. ಹೀಗೆ ಮಾಡಬೇಕೆಂದು ನಿಮ್ಮ ಮೇಡಂ ಆಗಲೇ ಹೇಳಿದ್ದರು, ನಾನು ನಗೆಯಾಡಿದೆ ಎಂದೂ ಸೇರಿಸಿದಳು. ಮಾತಾಡುವಾಗ ಕಿವಿ ಬಿಸಿಯಾಯಿತು. ಎಷ್ಟು ಸಲ ಹೇಳಿದರೂ ಅದು ತಣಿಯುತ್ತಿರಲಿಲ್ಲ.

ಪ್ರಿಂಟರಿನಿಂದ ಕನ್ನಡದ ಚೀಟಿಯೊಂದು ಹೊರಬಂತು. ಸುಗಂಧಿ ಅದನ್ನು ಹರಿದು ಕೈಗೆ ತೆಗೆದುಕೊಂಡಳು. ಅವಳ ಬೆರಳು ಒಂದು ಒತ್ತಕ್ಷರದ ಮೇಲೆ ಹೋಗಿ ನಿಂತಿತು. ಎಲ್ಲಿ ತಪ್ಪಿದೆ, ಹೇಗೆ ಸರಿಯಾಗಬೇಕು ಎಂದು ಅವಳಿಗೆ ಗೊತ್ತೆಂಬುದು ಗ್ಲ್ಯಾಡಿಸ್‌ಗೆ ಕಂಡಿತು. ಖಾಲಿ ಟರ್ಮಿನಲ್ ಪಕ್ಕದಲ್ಲೇ ಇತ್ತು. ಅವಳು ಕೂರಲೆಂದು ಗ್ಲ್ಯಾಡಿಸ್ ಅದರ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು.

“ಚೆನ್ನಾಗಿದೆ ಮೇಡಂ,” ಎಂದಳು ಸುಗಂಧಿ. ಚೀಟಿಯನ್ನು ಮಡಿಸದೆ ಪ್ರಿಂಟರಿನ ಮೇಲೆಯೇ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹುಡುಗರನ್ನು ಕರೆದಳು.

ಅವರು ಹೊರಗೆ ಚಪ್ಪಲಿ ಹುಡುಕುವ ಗಲಾಟೆ ಮುಗಿಯುವವರೆಗೆ ಗ್ಲ್ಯಾಡಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು. ಆಮೇಲೆ ತಾನೇ ಅದರಲ್ಲಿ ಕುಳಿತು, ಬೆರಳು ನಿಂತಿದ್ದ ಆ ಒತ್ತಕ್ಷರವನ್ನು ಪರದೆಗೆ ತಂದಳು.